ಪಾಜ್ ಒತ್ತಿದವನ ರೌಂಡು ಯಾರಿಗೆ?

ಎರಡು ವರ್ಷದ ಹಿಂದಿನ ಮಾತು. ನನ್ನ ತಂಗಿಯ ಮಗ ಆಗ ಎಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದ. ಕಾಲೇಜಿನ ಉತ್ಸವದಲ್ಲಿ ವಿಡಿಯೋ ಗೇಮ್ ಸ್ಪರ್ಧೆ ಇದೆ, ಸೆಮಿಫೈನಲ್‌ಗೆ ಬಂದಿದ್ದೇನೆ, ನೋಡಲು ಬನ್ನಿ ಮಾವ ಎಂದು ಕರೆದ. ಗಾಯನ ಸ್ಪರ್ಧೆಗೋ ಚರ್ಚಾಸ್ಪರ್ಧೆಗೋ ಕರೆದಿದ್ದರೆ ಅವನ ಅಮ್ಮನೇ ಹೋಗುತ್ತಿದ್ದಳು. ಇದಕ್ಕೆ ಹೋಗುವವರು ಯಾರು? ನಾನು ಹೋದೆ.

ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಕಟ್ಟಿದ ಒಂದು ತರಗತಿ. ಮೇಷ್ಟ್ರ ಮೇಜಿನ ಮೇಲೆ ಟಿ.ವಿ. ಅದರ ಮುಂದೆ ಎರಡು ಕುರ್ಚಿ, ಹಿಂದೆ ಬೆಂಚಿನ ಮೇಲೆ ಹತ್ತಿ ನಿಂತ ಐವತ್ತು ಅರವತ್ತು ಹುಡುಗರು. ಆಟದ ಹೆಸರು ಟೆಕ್ಕೆನ್. ಪರದೆಯ ಮೇಲೆ ಇಬ್ಬರು ಪೈಲ್ವಾನರು ಒಬ್ಬರನ್ನೊಬ್ಬರು ಒದೆಯುವುದು, ಎತ್ತಿ ಒಗೆಯುವುದು. ನಮ್ಮ ಹುಡುಗ ಗೆಲುವಿನ ಅಂಚಿನಲ್ಲಿದ್ದ. ಎದುರಾಳಿಯ ಪೈಲ್ವಾನನ ಪ್ರಾಣ ಒಂದೇ ಒಂದು ಏಟಿನಷ್ಟು ಉಳಿದಿತ್ತು. ಅಷ್ಟರಲ್ಲಿ ಪರದೆ ತಟಸ್ಥವಾಯಿತು. ಎದುರಾಳಿಯ ಹೆಬ್ಬೆರಳು ತಪ್ಪಿ ಪಾಜ್ ಬಟನ್ ಮೇಲೆ ಬಿದ್ದಿತ್ತು. ಆಟ ಮತ್ತೆ ಶುರುವಾದಾಗ ನಮ್ಮವನ ಕೈಯ ಲಯ ತಪ್ಪಿ, ಹೊಡೆಯಬೇಕಾದವನೇ ಹೊಡೆತ ತಿಂದ. ರೌಂಡು ಹೋಯಿತು.

ಆಮೇಲೆ ನಡೆದದ್ದು ಸಂತೆ. ಒಬ್ಬ ಸಂಘಟಕ "ಆ ರೌಂಡ್ ಮತ್ತೆ ಆಡಿ" ಎಂದ. ಇನ್ನೊಬ್ಬ "ಇಡೀ ಪಂದ್ಯ ಮತ್ತೆ ಆಡಿ" ಎಂದ. ಮೂರನೆಯವನು ಜೇಬಿನಿಂದ ನಾಣ್ಯ ತೆಗೆದ. ಕೊನೆಗೆ ಇಡೀ ಪಂದ್ಯವನ್ನೇ ಮತ್ತೆ ಆಡಿಸಿದರು, ನಮ್ಮವನು ಸೋತ. ಎದುರಾಳಿ ಬೇರೆ ಯಾರೂ ಅಲ್ಲ, ಒಂದೇ ಬೆಂಚಿನಲ್ಲಿ ಕೂರುವ ಗೆಳೆಯ. ಇಬ್ಬರಿಗೂ ಎರಡು ತಿಂಗಳು ಮಾತಿರಲಿಲ್ಲ.

ಬಸ್ಸಿನಲ್ಲಿ ಬರುವಾಗ ಅವನು ಕೇಳಿದ: "ಮಾವ, ಕ್ರಿಕೆಟ್ ಮ್ಯಾಚಲ್ಲಿ ಹೀಗಾಗಿದ್ರೆ ಅಂಪೈರು ನಾಣ್ಯ ಚಿಮ್ಮುತ್ತಿದ್ರಾ?"

ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಉತ್ತರ ಇದೆ, ಅದೂ ಬರೆದಿಟ್ಟ ಉತ್ತರ ಎಂಬುದು ಹುಡುಕಿದ ಮೇಲೆ ತಿಳಿಯಿತು. ಮಕ್ಕಳು ಇಂಥ ಸ್ಪರ್ಧೆಗೆ ಹೊರಟಾಗ "ಆಟ ತಾನೇ" ಎಂದು ಸುಮ್ಮನಾಗುವ ಇಲ್ಲವೇ ರೇಗುವ ನನ್ನಂಥ ಹಿರಿಯರಿಗೆ ಆ ನಿಯಮಗಳ ಪರಿಚಯ ಮಾಡಿಕೊಡಬೇಕೆನಿಸಿತು.

ಪಾರ್ಲರಿನ ಕಾಲ

ಇಬ್ಬರು ಎದುರುಬದುರಾಗಿ ಹೊಡೆದಾಡುವ ವಿಡಿಯೋ ಗೇಮ್‌ಗಳು ಜಗತ್ತಿನಾದ್ಯಂತ ಮನೆಮಾತಾದದ್ದು 1991ರಲ್ಲಿ ಜಪಾನಿನ ಕ್ಯಾಪ್‌ಕಾಮ್ ಕಂಪನಿ 'ಸ್ಟ್ರೀಟ್ ಫೈಟರ್ 2' ಆಟವನ್ನು ಹೊರತಂದ ಮೇಲೆ. ಆಗ ಅದು ಮನೆಯಲ್ಲಿ ಆಡುವ ಆಟವಲ್ಲ. ಬೀರುವಿನಷ್ಟು ಎತ್ತರದ ಪೆಟ್ಟಿಗೆ, ಅದರಲ್ಲೊಂದು ಪರದೆ, ಇಬ್ಬರಿಗೆ ಎರಡು ಕೋಲು, ಆರಾರು ಬಟನ್. ನಾಣ್ಯ ಹಾಕಬೇಕು, ಆಡಬೇಕು. ಸೋತವನು ಜಾಗ ಬಿಡಬೇಕು, ಗೆದ್ದವನು ಮುಂದಿನವನ ನಾಣ್ಯದ ಮೇಲೆ ಆಡುತ್ತಾ ಹೋಗಬೇಕು. ನಿಯಮವೆಂದರೆ ಇಷ್ಟೇ.

ನಮ್ಮ ಬೆಂಗಳೂರಿನಲ್ಲೂ ವಿಡಿಯೋ ಗೇಮ್ ಪಾರ್ಲರುಗಳಿದ್ದವು. ಅವುಗಳ ಬಗ್ಗೆ ಹೆತ್ತವರಿಗಿದ್ದ ಅನುಮಾನ ಸುಳ್ಳೇನೂ ಅಲ್ಲ. ಪಾರ್ಲರ್ ನಡೆಸಲು ಪರವಾನಗಿ ಬೇಕೇ ಬೇಡವೇ ಎಂಬ ಜಗಳ ಸುಪ್ರೀಂ ಕೋರ್ಟಿನವರೆಗೂ ಹೋಗಿ, ಪರವಾನಗಿ ಬೇಕೇ ಬೇಕು ಎಂದು 1995ರಲ್ಲಿ ತೀರ್ಪಾಯಿತು. ಅಲ್ಲಿ ಚರ್ಚೆಗೆ ಬಂದ ದೊಡ್ಡ ಪ್ರಶ್ನೆ: ಈ ಯಂತ್ರಗಳಲ್ಲಿ ಗೆಲ್ಲಿಸುವುದು ಕೈಚಳಕವೋ ಅದೃಷ್ಟವೋ? ಯಂತ್ರದ ವಿರುದ್ಧ ಹಣ ಕಟ್ಟಿ ಆಡುವವನ ಗತಿ ಯಂತ್ರದ ಒಡೆಯನ ಕೈಯಲ್ಲಿರುತ್ತದೆ. ಮನುಷ್ಯನ ವಿರುದ್ಧ ಮನುಷ್ಯ ಆಡುವ ಹೊಡೆದಾಟದ ಗೇಮಿನ ಸಂಗತಿ ಬೇರೆ. ಅಲ್ಲಿ ಇಬ್ಬರಿಗೂ ಯಂತ್ರ ಒಂದೇ. ಸೋಲಿಸುವುದು ಎದುರು ಕೂತವನು. ಆದರೆ ಅಲ್ಲೂ ಅದೃಷ್ಟ ನುಸುಳುವ ಸಂದುಗಳು ಬೇಕಾದಷ್ಟಿವೆ. ಪಂದ್ಯಾವಳಿಯ ನಿಯಮಗಳೆಲ್ಲ ಆ ಸಂದುಗಳನ್ನು ಮುಚ್ಚಲು ಹೊರಟವು ಎಂದು ಹಿಡಿದುಕೊಂಡರೆ ಅವು ಸುಲಭವಾಗಿ ಅರ್ಥವಾಗುತ್ತವೆ.

1996ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಸನ್ನಿವೇಲ್ ಎಂಬ ಊರಿನ ಒಂದು ಪಾರ್ಲರಿನಲ್ಲಿ 40 ಜನ ಸೇರಿ 'ಬ್ಯಾಟಲ್ ಬೈ ದಿ ಬೇ' ಎಂಬ ಸ್ಪರ್ಧೆ ನಡೆಸಿದರು. ಟಾಮ್ ಕ್ಯಾನನ್, ಟೋನಿ ಕ್ಯಾನನ್ ಸಹೋದರರು ಮತ್ತು ಅವರ ಗೆಳೆಯರ ಸಾಹಸ ಅದು. 2002ರಲ್ಲಿ ಅದರ ಹೆಸರು 'ಇವೊಲ್ಯೂಷನ್', ಚಿಕ್ಕದಾಗಿ 'ಇವೊ' ಎಂದಾಯಿತು. 2023ರಲ್ಲಿ ಲಾಸ್ ವೇಗಸ್‌ನ ಇವೊದಲ್ಲಿ 'ಸ್ಟ್ರೀಟ್ ಫೈಟರ್ 6' ಒಂದೇ ಆಟಕ್ಕೆ ಹೆಸರು ಕೊಟ್ಟವರು ಏಳು ಸಾವಿರಕ್ಕೂ ಹೆಚ್ಚು! ಇಲ್ಲಿ ಅರ್ಹತಾ ಸುತ್ತು, ಶಿಫಾರಸು ಯಾವುದೂ ಇಲ್ಲ. ಪ್ರವೇಶ ಶುಲ್ಕ ಕಟ್ಟಿದ ಯಾರು ಬೇಕಾದರೂ ಆಡಬಹುದು. ನಿನ್ನೆ ಕಲಿತವನಿಗೂ ಮೊದಲ ದಿನವೇ ಚಾಂಪಿಯನ್ ಎದುರಾಗಬಹುದು. 2019ರಲ್ಲಿ ಲಾಹೋರಿನ ಅರ್ಸಲಾನ್ ಆಶ್ ಎಂಬ ತರುಣ, ಹೊರಗಿನ ಜಗತ್ತಿಗೆ ಹೆಚ್ಚು ಪರಿಚಯವಿಲ್ಲದವನು, ಜಪಾನಿನಲ್ಲಿ ನಡೆದ ಇವೊದಲ್ಲೂ ಅದೇ ವರ್ಷ ಲಾಸ್ ವೇಗಸ್‌ನಲ್ಲೂ ಟೆಕ್ಕೆನ್ ಪ್ರಶಸ್ತಿ ಗೆದ್ದ. ಬಾಗಿಲು ಎಲ್ಲರಿಗೂ ತೆರೆದಿದ್ದುದರಿಂದಲೇ ಅದು ಸಾಧ್ಯವಾಯಿತು.

ಎರಡು ಸಲ ಸೋಲುವ ಹಕ್ಕು

ಮೊದಲು ಲೆಕ್ಕಾಚಾರ. ಚಿಕ್ಕದು ರೌಂಡು, ಅದಕ್ಕಿಂತ ದೊಡ್ಡದು ಗೇಮು, ಎಲ್ಲಕ್ಕಿಂತ ದೊಡ್ಡದು ಪಂದ್ಯ. ಸ್ಟ್ರೀಟ್ ಫೈಟರ್‌ನಲ್ಲಿ ಒಂದು ರೌಂಡಿಗೆ ಗಡಿಯಾರ 99ರಿಂದ ಇಳಿಯುತ್ತದೆ. ಎರಡು ರೌಂಡು ಗೆದ್ದವನಿಗೆ ಗೇಮು. ಟೆಕ್ಕೆನ್‌ನಲ್ಲಿ ಮೂರು ರೌಂಡು ಗೆಲ್ಲಬೇಕು. ಮೂರು ಗೇಮಿನಲ್ಲಿ ಎರಡು ಗೆದ್ದವನಿಗೆ ಪಂದ್ಯ. ಕೊನೆಯ ಹಂತಗಳಲ್ಲಿ, ಸಾಮಾನ್ಯವಾಗಿ ಎಂಟು ಜನ ಉಳಿದಾಗಲೋ ಫೈನಲ್ಲಿಗೋ, ಐದರಲ್ಲಿ ಮೂರು.

ಒಂದೇ ಗೇಮಿನಲ್ಲಿ ಮುಗಿಸಿದರೆ ಏನು ನಷ್ಟ ಎಂದು ಕೇಳಬಹುದು. ಗಣಿತ ಓದುವ ಮಕ್ಕಳು ಇದನ್ನು ತಾವೇ ಲೆಕ್ಕ ಹಾಕಿ ನೋಡಲಿ: ನೂರು ಗೇಮಿನಲ್ಲಿ 60 ಗೆಲ್ಲಬಲ್ಲ ಆಟಗಾರ ಒಂದೇ ಗೇಮಿನ ಪಂದ್ಯ ಆಡಿದರೆ ನೂರಕ್ಕೆ 40 ಸಲ ದುರ್ಬಲನೇ ಗೆಲ್ಲುತ್ತಾನೆ. ಮೂರರಲ್ಲಿ ಎರಡು ಎಂದರೆ ಆ 40 ಸುಮಾರು 35ಕ್ಕೆ ಇಳಿಯುತ್ತದೆ. ಐದರಲ್ಲಿ ಮೂರು ಎಂದರೆ 32ಕ್ಕೆ. ಪಂದ್ಯ ಉದ್ದವಾದಷ್ಟೂ ಅದೃಷ್ಟದ ಪಾಲು ಕಡಿಮೆ. ಆದರೆ ದಿನಕ್ಕೆ ಇಪ್ಪತ್ನಾಲ್ಕೇ ಗಂಟೆ, ಸಂಘಟಕರ ಬಳಿ ಇರುವುದು ನಾಲ್ಕೇ ಟಿ.ವಿ. ಎಲ್ಲೋ ಒಂದು ಕಡೆ ನಿಲ್ಲಿಸಲೇಬೇಕು.

ಇದಕ್ಕಿಂತ ಮುಖ್ಯವಾದದ್ದು ಪಂದ್ಯಾವಳಿಯ ಹೆಣಿಗೆ. ನಮ್ಮ ಶಾಲಾ ಕ್ರೀಡಾಕೂಟಗಳಲ್ಲಿ ಕಬಡ್ಡಿಯೋ ವಾಲಿಬಾಲೋ ಒಂದು ಸಲ ಸೋತರೆ ತಂಡ ಮನೆಗೆ. ಚೀಟಿ ಎತ್ತಿದಾಗ ಅತ್ಯುತ್ತಮ ತಂಡಗಳೆರಡು ಮೊದಲ ಸುತ್ತಿನಲ್ಲೇ ಎದುರಾದರೆ ಒಂದರ ಹಣೆಬರಹ ಅಲ್ಲಿಗೆ ಮುಗಿಯಿತು. ಹೊಡೆದಾಟದ ಗೇಮಿನವರು ಇದನ್ನು ಒಪ್ಪುವುದಿಲ್ಲ. ಅವರಲ್ಲಿ ಎರಡು ಸಾಲು. ಎಲ್ಲರೂ ಗೆದ್ದವರ ಸಾಲಿನಲ್ಲಿ ಆರಂಭಿಸುತ್ತಾರೆ. ಒಮ್ಮೆ ಸೋತವನು ಸೋತವರ ಸಾಲಿಗೆ ಇಳಿಯುತ್ತಾನೆ, ಹೊರಗೆ ಹೋಗುವುದಿಲ್ಲ. ಅಲ್ಲಿಯೂ ಸೋತರೆ ಮಾತ್ರ ಹೊರಗೆ. ಸೋತವರ ಸಾಲನ್ನು ಗೆದ್ದು ಬಂದವನು ಕೊನೆಯಲ್ಲಿ, ಒಮ್ಮೆಯೂ ಸೋಲದೆ ಬಂದವನನ್ನು ಫೈನಲ್ಲಿನಲ್ಲಿ ಎದುರಿಸುತ್ತಾನೆ. ಅಲ್ಲಿ ಸೋಲದವನು ಸೋತರೆ ಅವನಿಗೂ ಅದು ಮೊದಲ ಸೋಲೇ ತಾನೆ? ಹಾಗಾಗಿ ಇನ್ನೊಂದು ಫೈನಲ್ ಆಡಿಸಬೇಕು. 'ರೀಸೆಟ್' ಎನ್ನುವುದು ಇದಕ್ಕೆ.

16 ಜನರ ಪಂದ್ಯಾವಳಿಯಲ್ಲಿ ಒಂದೇ ಸೋಲಿನ ಪದ್ಧತಿಗೆ 15 ಪಂದ್ಯ ಸಾಕು. ಎರಡು ಸೋಲಿನ ಪದ್ಧತಿಗೆ 30 ಅಥವಾ 31. ವಿಜೇತನೊಬ್ಬನನ್ನು ಬಿಟ್ಟು ಉಳಿದ 15 ಜನ ತಲಾ ಎರಡು ಸಲ ಸೋಲಬೇಕಲ್ಲ! ವಿಜೇತನೂ ಒಮ್ಮೆ ಸೋತಿದ್ದರೆ ಒಂದು ಹೆಚ್ಚು. ಕಾಲೇಜಿನ ಹುಡುಗರು ಈ ಪದ್ಧತಿಯನ್ನು ಕೈಬಿಡುವುದು ಸಮಯದ ನೆಪದಿಂದಲೇ.

ಕೈಬಿಟ್ಟರೆ ಏನು ಕಳೆದುಹೋಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಸಾಕು. 2004ರ ಇವೊ, 'ಸ್ಟ್ರೀಟ್ ಫೈಟರ್ 3: ಥರ್ಡ್ ಸ್ಟ್ರೈಕ್' ಆಟ. ಜಪಾನಿನ ದಾಯ್ಗೊ ಉಮೆಹಾರ ಮತ್ತು ಅಮೆರಿಕದ ಜಸ್ಟಿನ್ ವಾಂಗ್. ದಾಯ್ಗೊನ ಯೋಧನಲ್ಲಿ ಉಳಿದ ಪ್ರಾಣ ಒಂದು ಕೂದಲೆಳೆ. ಏಟನ್ನು ತಡೆದು ನಿಂತರೂ ಸೋಲು ಖಚಿತ. ವಾಂಗ್ 15 ಏಟುಗಳ ಸರಣಿ ಬಿಟ್ಟ. ದಾಯ್ಗೊ ಪ್ರತಿ ಏಟಿನ ಕ್ಷಣಕ್ಕೆ ಸರಿಯಾಗಿ ಕೋಲನ್ನು ಮುಂದಕ್ಕೆ ತಳ್ಳಿ ಹದಿನೈದನ್ನೂ ತಳ್ಳಿಹಾಕಿದ, ತಿರುಗಿ ಹೊಡೆದು ಗೆದ್ದ. ಈ ಆಟದಲ್ಲಿ ಒಂದು ಸೆಕೆಂಡಿಗೆ 60 ಚಿತ್ರಗಳು ಓಡುತ್ತವೆ. ಅವನಿಗಿದ್ದ ಅವಕಾಶ ಪ್ರತಿ ಸಲ ಅವುಗಳಲ್ಲಿ ಕೆಲವೇ ಚಿತ್ರಗಳಷ್ಟು. ಆ ದೃಶ್ಯವನ್ನು ಇಂದಿಗೂ ಹುಡುಗರು ಮೊಬೈಲಿನಲ್ಲಿ ನೋಡುತ್ತಾರೆ. ಅದು ನಡೆದದ್ದು ಸೋತವರ ಸಾಲಿನ ಫೈನಲ್ಲಿನಲ್ಲಿ. ಅಂದರೆ ಇಬ್ಬರೂ ಅದಾಗಲೇ ಒಮ್ಮೆ ಸೋತಿದ್ದವರು! ನಮ್ಮ ಕ್ರೀಡಾಕೂಟದ ಪದ್ಧತಿಯಲ್ಲಾದರೆ ಆ ಹೊತ್ತಿಗೆ ಇಬ್ಬರೂ ಬಸ್ ಸ್ಟ್ಯಾಂಡಿನಲ್ಲಿರುತ್ತಿದ್ದರು. ಅಂದು ಪ್ರಶಸ್ತಿ ಗೆದ್ದವನು ದಾಯ್ಗೊ ಕೂಡ ಅಲ್ಲ; ಫೈನಲ್ಲಿನಲ್ಲಿ ಅವನು ತನ್ನ ದೇಶದವನೇ ಆದ ಕೆಂಜಿ ಒಬಾಟನಿಗೆ ಸೋತ.

ಗೆದ್ದವನ ಕೈ ಕಟ್ಟುವ ನಿಯಮ

ಈ ಆಟಗಳಲ್ಲಿ ಹತ್ತಾರು ಯೋಧರಿರುತ್ತಾರೆ. ಒಬ್ಬ ದೂರದಿಂದ ಬೆಂಕಿಯುಂಡೆ ಎಸೆಯುವವನು, ಇನ್ನೊಬ್ಬ ಹತ್ತಿರ ಬಂದು ಹಿಡಿದು ಅಪ್ಪಳಿಸುವವನು. ಹಾವಿಗೆ ಮುಂಗುಸಿ ಎಂಬಂತೆ ಒಬ್ಬೊಬ್ಬನಿಗೂ ಆಗದ ಎದುರಾಳಿ ಒಬ್ಬನಿರುತ್ತಾನೆ. ಹಾಗಾದರೆ ಯೋಧನನ್ನು ಮೊದಲು ಆರಿಸಿಕೊಳ್ಳುವವರು ಯಾರು? ಮೊದಲು ಆರಿಸಿಕೊಂಡವನು ಕೆಟ್ಟ, ಏಕೆಂದರೆ ಎರಡನೆಯವನು ಅವನಿಗೆ ತಕ್ಕ ಮುಂಗುಸಿಯನ್ನು ತರುತ್ತಾನೆ.

ಪರಿಹಾರ ಸರಳ. ಯಾರಾದರೂ ಕೇಳಿದರೆ ಒಬ್ಬನು ತನ್ನ ಆಯ್ಕೆಯನ್ನು ತೀರ್ಪುಗಾರನ ಕಿವಿಯಲ್ಲಿ ಹೇಳುತ್ತಾನೆ. ಆಮೇಲೆ ಎದುರಾಳಿ ಬಹಿರಂಗವಾಗಿ ಆರಿಸುತ್ತಾನೆ. ಕೊನೆಗೆ ಮೊದಲನೆಯವನು ತಾನು ಹೇಳಿದ ಯೋಧನನ್ನೇ ತೆಗೆದುಕೊಳ್ಳಬೇಕು, ಮಾತು ಬದಲಿಸುವಂತಿಲ್ಲ. ಪರದೆಯ ಎಡಕ್ಕೋ ಬಲಕ್ಕೋ ಎಂಬ ತಕರಾರು ಬಂದರೆ ಕಲ್ಲು-ಕಾಗದ-ಕತ್ತರಿ. ಇದು ಮೊದಲ ಗೇಮಿನ ಮಾತು. ಎರಡನೆಯ ಗೇಮಿನಿಂದ ಗೆದ್ದವನು ಅದೇ ಯೋಧನಲ್ಲೇ ಮುಂದುವರಿಯಬೇಕು. ಸೋತವನು ಬೇಕಾದರೆ ಬದಲಿಸಿಕೊಳ್ಳಬಹುದು. ಗೆದ್ದವನಿಗೆ ಶಿಕ್ಷೆಯೇ ಎಂದು ನಮ್ಮ ಹುಡುಗನನ್ನು ಕೇಳಿದೆ. "ಅಲ್ಲ ಮಾವ, ಇಬ್ಬರೂ ಬದಲಾಯಿಸ್ತಾ ಕೂತ್ರೆ ಆಟ ಶುರುವಾಗೋದು ಯಾವಾಗ?" ಎಂದ. ಅದೂ ಸರಿಯೇ.

ಕೆಲವೊಮ್ಮೆ ಯೋಧನನ್ನೇ ನಿಷೇಧಿಸಬೇಕಾಗುತ್ತದೆ. 1994ರ 'ಸೂಪರ್ ಸ್ಟ್ರೀಟ್ ಫೈಟರ್ 2 ಟರ್ಬೊ' ಆಟದಲ್ಲಿ ಅಕುಮ ಎಂಬ ಗುಪ್ತ ಯೋಧನಿದ್ದ. ಗಾಳಿಯಲ್ಲಿ ಹಾರಿ ಅವನು ಎಸೆಯುವ ಬೆಂಕಿಯುಂಡೆಗಳ ಮುಂದೆ ಉಳಿದ ಯೋಧರಿಗೆ ಉಳಿಗಾಲವೇ ಇರಲಿಲ್ಲ. ಅಮೆರಿಕದ ಪಂದ್ಯಾವಳಿಗಳಲ್ಲಿ ಅವನಿಗೆ ಪ್ರವೇಶವಿಲ್ಲ. ಜಪಾನಿನಲ್ಲಿ ಬರೆದಿಟ್ಟ ನಿಷೇಧಕ್ಕಿಂತ, ಅವನನ್ನು ಮುಟ್ಟಬಾರದು ಎಂಬ ಮರ್ಯಾದೆಯೇ ಆ ಕೆಲಸ ಮಾಡಿತು.

ಪಾಜ್ ಬಟನ್

ಇನ್ನು ನಮ್ಮ ಬಸ್ಸಿನ ಪ್ರಶ್ನೆಗೆ ಬರೋಣ. ಪಾರ್ಲರಿನ ಪೆಟ್ಟಿಗೆಗಳಲ್ಲಿ ಆಡುವವನ ಕೈಗೆ ಪಾಜ್ ಬಟನ್ ಇರಲಿಲ್ಲ. ಪಾರ್ಲರುಗಳು ಮುಚ್ಚುತ್ತಾ ಬಂದಂತೆ 2004ರಲ್ಲಿ ಇವೊ ಕೂಡ ಮನೆಯಲ್ಲಿ ಟಿ.ವಿ.ಗೆ ಜೋಡಿಸುವ ಯಂತ್ರಗಳಿಗೆ ಬದಲಾಯಿತು. ಆಟಗಾರರು ತಮ್ಮ ತಮ್ಮ ಕಂಟ್ರೋಲರುಗಳನ್ನು ಮನೆಯಿಂದ ತರತೊಡಗಿದರು. ಮನೆಯಲ್ಲಿ ಆಡುವಾಗ ಅಮ್ಮ ಊಟಕ್ಕೆ ಕರೆದರೆ ಪಾಜ್ ಬೇಕು. ಪಂದ್ಯದಲ್ಲಿ ಅದೇ ಬಟನ್ ಶತ್ರು.

ನಿಯಮ ಹೀಗಿದೆ: ರೌಂಡಿನ ನಡುವೆ ಯಾರ ಕೈಯಿಂದ ಆಟ ನಿಂತಿತೋ ಅವನು ಆ ರೌಂಡನ್ನು ಕಳೆದುಕೊಳ್ಳುತ್ತಾನೆ. ಬೇಕೆಂದೇ ಒತ್ತಿದನೋ ಕೈತಪ್ಪಿ ಒತ್ತಿದನೋ ಎಂಬ ವಿಚಾರಣೆಯಿಲ್ಲ. ಕಂಟ್ರೋಲರ್ ಅವನದು, ಅದು ಕೆಟ್ಟರೂ ಹೊಣೆ ಅವನದೇ. ಇಬ್ಬರೂ ದೂರದಲ್ಲಿ ಸುಮ್ಮನೆ ನಿಂತಿದ್ದಾಗ ಆಟ ನಿಂತಿದ್ದರೆ "ಪರವಾಗಿಲ್ಲ, ಮುಂದುವರಿಸೋಣ" ಎನ್ನುವ ಸ್ವಾತಂತ್ರ್ಯವನ್ನು ಹಲವು ನಿಯಮಾವಳಿಗಳು ಎದುರಾಳಿಗೆ ಕೊಡುತ್ತವೆ. ಆ ಔದಾರ್ಯ ಎದುರಾಳಿಯದು; ತಪ್ಪು ಮಾಡಿದವನು ಅದನ್ನು ಕೇಳಿ ಪಡೆಯುವಂತಿಲ್ಲ. ಕರೆಂಟು ಹೋದರೆ, ಪ್ರೇಕ್ಷಕನೊಬ್ಬ ತಂತಿ ಎಡವಿದರೆ ಮಾತ್ರ ತೀರ್ಪುಗಾರ ರೌಂಡನ್ನು ಮತ್ತೆ ಆಡಿಸುತ್ತಾನೆ.

ಕ್ರೂರ ನಿಯಮ ಎನಿಸುತ್ತದೆ, ನನಗೂ ಹಾಗೇ ಅನಿಸಿತ್ತು. 2015ರ ಇವೊ ಫೈನಲ್ಲಿನ ಕಥೆ ಕೇಳಿದ ಮೇಲೆ ಅಭಿಪ್ರಾಯ ಬದಲಾಯಿತು. ಆಟ 'ಅಲ್ಟ್ರಾ ಸ್ಟ್ರೀಟ್ ಫೈಟರ್ 4'. ಒಮ್ಮೆಯೂ ಸೋಲದೆ ಬಂದಿದ್ದವನು ಜಪಾನಿನ ಯುಸುಕೆ ಮೊಮೊಚಿ. ಸೋತವರ ಸಾಲಿನಿಂದ ಏರಿ ಬಂದವನು ತೈವಾನಿನ ಹ್ಸಿಯಾಂಗ್ ಯು-ಲಿನ್. ಆಟದ ವಲಯದಲ್ಲಿ ಅವನ ಹೆಸರು ಗೇಮರ್‌ಬೀ. ಗೇಮರ್‌ಬೀ ಮೊದಲ ಫೈನಲ್ ಗೆದ್ದ, ರೀಸೆಟ್ ಆಯಿತು. ಎರಡನೆಯ ಫೈನಲ್ ಕೊನೆಯ ಗೇಮಿಗೆ ಬಂದು ನಿಂತಾಗ ಪರದೆ ಇದ್ದಕ್ಕಿದ್ದಂತೆ ತಟಸ್ಥವಾಯಿತು. ಮೊಮೊಚಿಯ ಕಂಟ್ರೋಲರ್ ಕೈಕೊಟ್ಟಿತ್ತು.

ಜಗತ್ತೇ ನೋಡುತ್ತಿದೆ, ಸಾವಿರಾರು ಜನ ಸಭಾಂಗಣದಲ್ಲಿದ್ದಾರೆ, ತಪ್ಪು ಆಟಗಾರನದಲ್ಲ, ಅವನ ಯಂತ್ರದ್ದು. ನಾಣ್ಯ ಚಿಮ್ಮುವ ಆಸೆ ಯಾರಿಗಾದರೂ ಬಂದೀತು. ತೀರ್ಪುಗಾರರು ಪರೀಕ್ಷಿಸಿದರು, ಬರೆದಿದ್ದ ನಿಯಮವನ್ನೇ ಪಾಲಿಸಿದರು: ರೌಂಡು ಗೇಮರ್‌ಬೀಗೆ. ಮೊಮೊಚಿ ಬೇರೆ ಕಂಟ್ರೋಲರ್ ತೆಗೆದುಕೊಂಡು ಕೂತ, ಆಡಿದ, ಗೆದ್ದ. ಒಂದು ವೇಳೆ ಅವನಿಗೆ ಕರುಣೆ ತೋರಿಸಿ ರೌಂಡನ್ನು ಮತ್ತೆ ಆಡಿಸಿದ್ದರೆ? ಅವನ ಗೆಲುವಿನ ಮೇಲೆ ಒಂದು ಅನುಮಾನದ ಕಲೆ ಉಳಿಯುತ್ತಿತ್ತು. ದಂಡ ತೆತ್ತು ಗೆದ್ದದ್ದರಿಂದ ಅವನ ಪ್ರಶಸ್ತಿಗೆ ಬೆರಳು ತೋರಿಸುವವರಿಲ್ಲ.

ಅದೇ ವರ್ಷ ಅದೇ ಇವೊದಲ್ಲಿ ಇನ್ನೊಂದು ಪ್ರಸಂಗ. 'ಗಿಲ್ಟಿ ಗೇರ್' ಆಟದಲ್ಲಿ ವೋಶಿಗೆ ಎಂಬ ಜಪಾನಿ ಆಟಗಾರ ಒಂದು ರೌಂಡು ಗೆದ್ದು, ಪಂದ್ಯವೇ ಮುಗಿಯಿತೆಂದು ತಿಳಿದು ಕುರ್ಚಿಯಿಂದೆದ್ದು ಜನರತ್ತ ತಿರುಗಿ ಸಂಭ್ರಮಿಸಿದ. ಇನ್ನೂ ಒಂದು ರೌಂಡು ಬಾಕಿ ಇತ್ತು! ಎದುರಾಳಿ ಒಗಾವ ಕಾಯಲಿಲ್ಲ, ಕಾಯಬೇಕೆಂಬ ನಿಯಮವೂ ಇಲ್ಲ. ವೋಶಿಗೆ ಓಡಿಬಂದು ಕೂರುವಷ್ಟರಲ್ಲಿ ಏಟು ಬಿದ್ದಿತ್ತು. ಆ ಪಂದ್ಯವನ್ನೂ ಕೊನೆಗೆ ಪ್ರಶಸ್ತಿಯನ್ನೂ ಒಗಾವ ಗೆದ್ದ. ಆಟ ನಿಲ್ಲಿಸುವ ಅಧಿಕಾರ ಯಾರಿಗೂ ಇಲ್ಲ ಎಂಬ ನಿಯಮದ ಇನ್ನೊಂದು ಮುಖ ಇದು.

ಕೈಯಲ್ಲಿ ಹಿಡಿದದ್ದು

ಕಂಟ್ರೋಲರ್ ಯಾವುದಾದರೂ ಆಗಬಹುದು. ಕೋಲಿರುವ ಪೆಟ್ಟಿಗೆ, ಅಂಗೈಯಲ್ಲಿ ಹಿಡಿಯುವುದು, ಬರೀ ಬಟನ್‌ಗಳದ್ದು, ಎಲ್ಲಕ್ಕೂ ಒಪ್ಪಿಗೆ. ಆದರೆ ಒಂದು ಸಲ ಒತ್ತಿದರೆ ಹತ್ತು ಸಲ ಒತ್ತಿದಂತೆ ಮಾಡುವ 'ಟರ್ಬೊ', ಹತ್ತು ಚಲನೆಗಳನ್ನು ಒಂದೇ ಬಟನ್‌ಗೆ ಕೂಡಿಹಾಕುವ 'ಮ್ಯಾಕ್ರೊ' ಎರಡೂ ನಿಷಿದ್ಧ. ಬೆರಳು ಮಾಡಬೇಕಾದ ಕೆಲಸವನ್ನು ಯಂತ್ರ ಮಾಡಬಾರದು.

ಇಲ್ಲೊಂದು ಸ್ವಾರಸ್ಯದ ಜಗಳ ನಡೆಯಿತು. ಕೋಲನ್ನು ಒಂದೇ ಕ್ಷಣದಲ್ಲಿ ಎಡಕ್ಕೂ ಬಲಕ್ಕೂ ತಳ್ಳಲು ಯಾರಿಂದಲೂ ಆಗದು. ಆದರೆ ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ ಬಟನ್ ಇದ್ದರೆ ಎರಡನ್ನೂ ಒಟ್ಟಿಗೆ ಒತ್ತಬಹುದು. ಆಗ ಯೋಧ ಯಾವ ಕಡೆ ಹೋಗಬೇಕು? ಇದು ತಮಾಷೆಯ ಪ್ರಶ್ನೆಯಲ್ಲ. ಕೆಲವು ಯೋಧರು ಸ್ವಲ್ಪ ಹೊತ್ತು ಹಿಂದಕ್ಕೆ ಒತ್ತಿ ಹಿಡಿದು, ತಟ್ಟನೆ ಮುಂದಕ್ಕೆ ಒತ್ತಿದರೆ ದೊಡ್ಡ ಏಟು ಕೊಡುತ್ತಾರೆ. ಹಿಂದಿನ ಬಟನ್ ಬಿಡದೆಯೇ ಮುಂದಿನದನ್ನು ಒತ್ತಿ ಆ ಏಟು ಪಡೆಯುವವನಿಗೆ ಕೋಲು ಹಿಡಿದವನಿಗಿಲ್ಲದ ಅನುಕೂಲ. 2019ರಲ್ಲಿ ದಾಯ್ಗೊ ಉಮೆಹಾರನೇ ಹೊಸ ಬಗೆಯ ಪೆಟ್ಟಿಗೆಯೊಂದನ್ನು ತಂದಾಗ ಕ್ಯಾಪ್‌ಕಾಮ್ ತನ್ನ ಪಂದ್ಯಾವಳಿಗಳಲ್ಲಿ ಅದನ್ನು ಬಳಸಬಾರದೆಂದಿತು. ಎಷ್ಟು ದೊಡ್ಡ ಹೆಸರಾದರೂ ವಿನಾಯಿತಿ ಇಲ್ಲ. 2023ರಲ್ಲಿ 'ಸ್ಟ್ರೀಟ್ ಫೈಟರ್ 6' ಬಂದಾಗ ಎಡ-ಬಲ ಒಟ್ಟಿಗೆ ಒತ್ತಿದರೆ ಎರಡೂ ರದ್ದಾಗಬೇಕು, ಯೋಧ ಇದ್ದಲ್ಲೇ ನಿಲ್ಲಬೇಕು ಎಂಬ ನಿಯಮ ಬಂತು.

ಅನುಭವಸ್ಥರ ಪೆಟ್ಟಿಗೆಗಳಲ್ಲಿ ಪಂದ್ಯದ ವೇಳೆ ಪಾಜ್ ಬಟನ್ ಕೆಲಸ ಮಾಡದಂತೆ ತಡೆಯುವ ಸ್ವಿಚ್ ಒಂದಿರುತ್ತದೆ. ಅಂಗೈಯಲ್ಲಿ ಹಿಡಿಯುವ ಸಾಧಾರಣ ಕಂಟ್ರೋಲರಿನಲ್ಲಿ ಅದಿಲ್ಲದಿದ್ದರೂ, ಹಲವು ಆಟಗಳ ಸೆಟ್ಟಿಂಗ್‌ನಲ್ಲಿ ಪಾಜ್ ಬಟನ್ ಒತ್ತಿ ಹಿಡಿದರೆ ಮಾತ್ರ ಆಟ ನಿಲ್ಲುವಂತೆ ಮಾಡಿಕೊಳ್ಳಬಹುದು. ಪಂದ್ಯಕ್ಕೆ ಮೊದಲು ಅದನ್ನು ನೋಡಿಕೊಳ್ಳುವುದು ಆಟಗಾರನ ಕೆಲಸ. ತಂತಿಯಿಲ್ಲದ ಕಂಟ್ರೋಲರ್ ತಂದವನು ಆಡಿ ಎದ್ದುಹೋಗುವ ಮುನ್ನ ಯಂತ್ರದೊಂದಿಗಿನ ಸಂಪರ್ಕ ಕಡಿದುಕೊಳ್ಳಬೇಕು. ಇಲ್ಲದಿದ್ದರೆ ಅವನು ಹೊರಗೆ ಕಾಫಿ ಕುಡಿಯುತ್ತಾ ಬಟನ್ ಒತ್ತಿದಾಗ ಒಳಗೆ ಬೇರೆಯವರ ಪಂದ್ಯ ನಿಲ್ಲುತ್ತದೆ.

ಉಳಿದವು ಎಲ್ಲ ಆಟಗಳಲ್ಲೂ ಇರುವಂಥವು. ಕರೆದಾಗ ಕೆಲವು ನಿಮಿಷಗಳಲ್ಲಿ ಬಾರದಿದ್ದರೆ ಸೋಲು. ಗೇಮಿನ ನಡುವೆ ಯಾರೂ ಉಪಾಯ ಹೇಳಿಕೊಡುವಂತಿಲ್ಲ. ಬಹುಮಾನ ಹಂಚಿಕೊಳ್ಳೋಣವೆಂದು ಒಳಗೊಳಗೇ ಮಾತಾಡಿಕೊಂಡು ಬೇಕೆಂದೇ ಸೋತರೆ ಇಬ್ಬರೂ ಹೊರಗೆ.

ಹೆತ್ತವರ ಪ್ರಶ್ನೆ

ಇದೆಲ್ಲ ಸರಿ, ದುಡ್ಡಿನ ಜೂಜಿಗೂ ಇದಕ್ಕೂ ಏನು ವ್ಯತ್ಯಾಸ ಎಂದು ನನ್ನ ತಂಗಿ ಕೇಳಿದಳು. ಪತ್ರಿಕೆಯಲ್ಲಿ ಆನ್‌ಲೈನ್ ಆಟದಲ್ಲಿ ಹಣ ಕಳೆದುಕೊಂಡವರ ಸುದ್ದಿ ಓದಿದ ಯಾವ ತಾಯಿಯೂ ಕೇಳುವ ಪ್ರಶ್ನೆ. ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಈ ಗೆರೆಯನ್ನು ಎಳೆದಿದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಅದು ನಿಷೇಧಿಸುತ್ತದೆ. ಇ-ಸ್ಪೋರ್ಟ್ಸ್ ಅನ್ನು ಕ್ರೀಡೆಯಾಗಿ ಬೇರೆ ಇಡುತ್ತದೆ. ಅದರಂತೆ ಇ-ಸ್ಪೋರ್ಟ್ಸ್ ಎನಿಸಿಕೊಳ್ಳಲು ಮೊದಲೇ ಗೊತ್ತುಪಡಿಸಿದ ನಿಯಮಗಳಿರಬೇಕು, ಗೆಲುವು ಕೌಶಲದಿಂದ ನಿರ್ಧಾರವಾಗಬೇಕು. ಭಾಗವಹಿಸಲು ಶುಲ್ಕವಿರಬಹುದು, ಗೆದ್ದವನಿಗೆ ಬಹುಮಾನವಿರಬಹುದು. ಆದರೆ ಆಡುವವನಾಗಲಿ ನೋಡುವವನಾಗಲಿ ಬಾಜಿ ಕಟ್ಟುವಂತಿಲ್ಲ.

ಆದ್ದರಿಂದ ಮಗ ಅಥವಾ ಮಗಳು ಇಂಥ ಸ್ಪರ್ಧೆಗೆ ಶುಲ್ಕ ಕೇಳಿದಾಗ "ನಿಯಮದ ಹಾಳೆ ಎಲ್ಲಿದೆ, ತೋರಿಸು" ಎಂದು ಹೆತ್ತವರು ಕೇಳಬಹುದು. ಶುಲ್ಕ ಎಷ್ಟು, ಬಹುಮಾನ ಎಷ್ಟು, ಒಂದು ಸೋಲೋ ಎರಡು ಸೋಲೋ, ತೀರ್ಪುಗಾರರು ಯಾರು, ಯಂತ್ರ ಕೆಟ್ಟರೆ ಏನು. ಹಾಳೆಯೇ ಇಲ್ಲದಿದ್ದರೆ ಆ ಶುಲ್ಕದಲ್ಲಿ ಮಸಾಲೆ ದೋಸೆ ತಿನ್ನುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಓದು ಹಾಳಾಗುವುದಿಲ್ಲವೇ ಎಂಬ ಪ್ರಶ್ನೆಗೆ ನಿಯಮದ ಹಾಳೆಯಲ್ಲಿ ಉತ್ತರವಿಲ್ಲ. ಅದು ಮನೆಯಲ್ಲೇ ತೀರ್ಮಾನವಾಗಬೇಕು. ಇದರಿಂದಲೇ ಹೊಟ್ಟೆ ಹೊರೆಯುವವರು ಬಹಳ ಕಡಿಮೆ ಎಂಬುದನ್ನೂ ಮಕ್ಕಳಿಗೆ ಹೇಳಬೇಕು. ಆದರೆ ಇದು ಕ್ರೀಡೆಯೇ ಅಲ್ಲ ಎನ್ನುವ ಮಾತು ಈಗ ನಡೆಯದು. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ, ಅಂದರೆ 2023ರಲ್ಲಿ ನಡೆದ ಕೂಟದಲ್ಲಿ, 'ಸ್ಟ್ರೀಟ್ ಫೈಟರ್ 5' ಪದಕದ ಆಟವಾಗಿತ್ತು. ಭಾರತದಿಂದ ಮಯಾಂಕ್ ಪ್ರಜಾಪತಿ, ಅಯಾನ್ ಬಿಸ್ವಾಸ್ ಆಡಿದರು. ಚಿನ್ನ ಗೆದ್ದವನು ದಕ್ಷಿಣ ಕೊರಿಯಾದ ಕಿಮ್ ಗ್ವಾನ್-ವೂ. ಆಗ ಅವನ ವಯಸ್ಸು 44! ಪಾರ್ಲರಿನ ಕಾಲದ ಹುಡುಗ. ಬೆಳ್ಳಿ ಯಾರಿಗೆ ಗೊತ್ತೇ? ಎಂಟು ವರ್ಷದ ಹಿಂದೆ ಮೊಮೊಚಿಯ ಕಂಟ್ರೋಲರ್ ಕೆಟ್ಟಾಗ ರೌಂಡು ಪಡೆದೂ ಫೈನಲ್ ಸೋತಿದ್ದ ಅದೇ ಗೇಮರ್‌ಬೀಗೆ.

ಕಳೆದ ವರ್ಷದ ಉತ್ಸವಕ್ಕೂ ನಾನು ಹೋಗಿದ್ದೆ. ಅದೇ ತರಗತಿ, ಅದೇ ಕಪ್ಪು ಬಟ್ಟೆ. ಬಾಗಿಲ ಪಕ್ಕದ ಗೋಡೆಗೆ ಮಾತ್ರ ಎರಡು ಹಾಳೆ ಅಂಟಿಸಿತ್ತು, ಕನ್ನಡದಲ್ಲೊಂದು ಇಂಗ್ಲಿಷಿನಲ್ಲೊಂದು. ಕನ್ನಡದ್ದನ್ನು ಬರೆದವನು ನಮ್ಮ ಹುಡುಗ. ಆ ಹಳೆಯ ಎದುರಾಳಿ, ಈಗ ಮತ್ತೆ ಬೆಂಚಿನ ಗೆಳೆಯ, ಇಂಗ್ಲಿಷಿನದನ್ನು ಬರೆದಿದ್ದ. ಇಬ್ಬರೂ ಆಡುವವರಾದ್ದರಿಂದ ತೀರ್ಪಿನ ಕೆಲಸವನ್ನು ಕೊನೆಯ ವರ್ಷದ ಇಬ್ಬರು ಹುಡುಗಿಯರಿಗೆ ವಹಿಸಿದ್ದರು. ಪಾಜ್‌ನ ನಿಯಮ ನಾಲ್ಕನೆಯದು.

ನಮ್ಮವನು ಈ ಸಲ ಸೋತವರ ಸಾಲಿನ ಫೈನಲ್‌ವರೆಗೆ ಬಂದ. ಕೊನೆಯ ಗೇಮಿನ ಕೊನೆಯ ರೌಂಡು, ಪ್ರಾಣದ ಲೆಕ್ಕದಲ್ಲಿ ಮುಂದಿದ್ದವನು ಅವನೇ. ಪರದೆ ನಿಂತಿತು. ನಾನು ಎದುರಾಳಿಯ ಕೈ ನೋಡಿದೆ. ಅವನು ಕಂಟ್ರೋಲರನ್ನು ಎತ್ತಿ ತೋರಿಸುತ್ತಿದ್ದ, ಒತ್ತಿದ್ದು ತಾನಲ್ಲವೆಂದು. ತೀರ್ಪುಗಾರ ಹುಡುಗಿ ಬರುವ ಮೊದಲೇ ನಮ್ಮವನು ತನ್ನದನ್ನು ಮೇಜಿನ ಮೇಲಿಟ್ಟು, ಪಕ್ಕದವನ ಕೈಕುಲುಕಿ ಎದ್ದ. ಯಾರೂ ಕೂಗಾಡಲಿಲ್ಲ. ಮುಂದಿನ ಪಂದ್ಯಕ್ಕೆ ಹೆಸರು ಕರೆದರು.

ಬಸ್ಸಿನಲ್ಲಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅವನೇ ಹೇಳಿದ: "ಸೆಟ್ಟಿಂಗ್ ನೋಡ್ಕೊಳ್ಳೋದೇ ಮರೆತೆ, ಮಾವ. ಹಾಳೇಲಿ ಅದನ್ನೂ ಸೇರಿಸ್ಬೇಕು."